ಸಿಂಹದವರಿಗೆ ಸಿಂಹಾಸನ ಕೊಟ್ಟವರು ಯಾರು?

ಕಳೆದ ತಿಂಗಳು ಗೆಳೆಯನೊಬ್ಬ ತನ್ನ ಫ್ಯಾಂಟಸಿ ಕಾದಂಬರಿಯ ಕರಡು ಕಳಿಸಿದ್ದ. ನಮ್ಮ ನಾಗರಿಕತೆ ಅಳಿದು ಸಾವಿರ ವರ್ಷವಾಗಿದೆ. ಮತ್ತೆ ಕೋಟೆ, ಕತ್ತಿ, ಕುದುರೆಗಳ ಕಾಲ. ಮನುಷ್ಯರ ಜಾಗದಲ್ಲಿ ಪ್ರಾಣಿಮುಖದ ಜನ. ಸಿಂಹದವರು ಆಳುತ್ತಾರೆ, ಗೂಬೆಯವರು ಶಾಸ್ತ್ರ ಓದುತ್ತಾರೆ, ನರಿಯವರು ವ್ಯಾಪಾರ ಮಾಡುತ್ತಾರೆ, ಎತ್ತಿನವರು ಉಳುತ್ತಾರೆ. ಹಂದಿಯವರು ಊರಾಚೆ.

"ಇದನ್ನೆಲ್ಲ ಹಂಚಿದ್ದು ಯಾರೋ?" ಎಂದು ಕೇಳಿದೆ.

"ಹಂಚೋದೇನು ಬಂತು? ಅದು ಅವರವರ ಸ್ವಭಾವ" ಎಂದ.

ನನ್ನ ತಕರಾರು ಇರುವುದು ಈ 'ಸ್ವಭಾವ'ದ ಬಗ್ಗೆಯೇ. ಹಾವುಗಳಲ್ಲಿ ಎಷ್ಟು ಜಾತಿ ಎಂದು ಕೇಳುವ ಬಾಯಲ್ಲೇ ನಾವು ಮನುಷ್ಯರ ಜಾತಿಯನ್ನೂ ಕೇಳುತ್ತೇವೆ. ಎರಡಕ್ಕೂ ಒಂದೇ ಪದವಿರುವ ಭಾಷೆಯಲ್ಲಿ ಪ್ರಾಣಿಜನರ ಲೋಕ ಕಟ್ಟುವವರು ಮುಗ್ಧರಂತೆ ನಟಿಸಲಾಗದು. 1871ರಲ್ಲಿ ಬ್ರಿಟಿಷರು ಕಾಯ್ದೆ ಮಾಡಿ ಕೆಲವು ಸಮುದಾಯಗಳನ್ನು ಇಡಿಯಾಗಿ ಅಪರಾಧಿ ಬುಡಕಟ್ಟುಗಳೆಂದು ಪಟ್ಟಿಗೆ ಸೇರಿಸಲು ಹೊರಟರು. ಇಂದು ಹಾಗೆ ಬರೆಯಲು ನಾಚುವ ಲೇಖಕ, ಅದೇ ಪಾತ್ರಕ್ಕೊಂದು ಬಾಲ ಅಂಟಿಸಿದ ಕೂಡಲೇ ನಿಶ್ಚಿಂತನಾಗುತ್ತಾನೆ.

ಇದು ಗೆಳೆಯನೊಬ್ಬನ ತಪ್ಪಲ್ಲ. ಬ್ರಯಾನ್ ಜೇಕ್ಸ್ ಅವರ ಜನಪ್ರಿಯ 'ರೆಡ್‌ವಾಲ್' ಮಾಲೆಯಲ್ಲಿ ಮಠದ ಇಲಿಗಳು ಒಳ್ಳೆಯವು, ಹೆಗ್ಗಣಗಳು ಕೆಟ್ಟವು. 1995ರ 'ಔಟ್‌ಕಾಸ್ಟ್ ಆಫ್ ರೆಡ್‌ವಾಲ್'ನಲ್ಲಿ ಆ ಮಠದಲ್ಲೇ ಬೆಳೆದ ಫೆರೆಟ್ ಮರಿ ವೇಲ್, ಕೊನೆಗೆ ತನ್ನನ್ನು ಸಾಕಿದವಳನ್ನು ಉಳಿಸಲು ಪ್ರಾಣ ಕೊಡುತ್ತಾನೆ. ಆದರೂ ಅವನು ಕೆಟ್ಟವನೇ ಎಂಬ ತೀರ್ಪು ಅಳಿಯುವುದಿಲ್ಲ.

ಬೇರೆ ದಾರಿ ಇಲ್ಲವೆನ್ನಬೇಡಿ. 1968ರ 'ಪ್ಲಾನೆಟ್ ಆಫ್ ದಿ ಏಪ್ಸ್' ಚಿತ್ರದಲ್ಲೂ ಮನುಷ್ಯ ನಾಗರಿಕತೆ ಕುಸಿದ ಮೇಲಿನ ಸಮಾಜವಿದೆ. ಒರಾಂಗುಟಾನ್‌ಗಳಿಗೆ ಧರ್ಮ, ಅಧಿಕಾರ, ಗೊರಿಲ್ಲಾಗಳಿಗೆ ಬಂದೂಕು, ಚಿಂಪಾಂಜಿಗಳಿಗೆ ವಿಜ್ಞಾನ. ಆದರೆ ಇದು ಸ್ವಭಾವವಲ್ಲ, ವ್ಯವಸ್ಥೆ ಎಂದು ಆ ಚಿತ್ರಕ್ಕೆ ಗೊತ್ತು. ಕೋಟಾ ಪದ್ಧತಿ ರದ್ದಾದರೂ ಮೇಲಿನವರು ತಮ್ಮನ್ನು ಕೀಳಾಗಿ ಕಾಣುವುದು ನಿಂತಿಲ್ಲ ಎಂದು ಚಿಂಪಾಂಜಿಗಳೇ ಮಾತಾಡಿಕೊಳ್ಳುತ್ತವೆ. ವಿಜ್ಞಾನ ಮಂತ್ರಿಯೂ ಧರ್ಮರಕ್ಷಕನೂ ಆದ ಡಾ. ಝೇಯಸ್, ಹಳೆಯ ಚರಿತ್ರೆಯ ಸಾಕ್ಷ್ಯವಿರುವ ಗುಹೆಯನ್ನು ಸ್ಫೋಟಿಸಿ ಮುಚ್ಚಿಸುತ್ತಾನೆ. ಸ್ವಭಾವವೇ ಆಗಿದ್ದರೆ ಮುಚ್ಚಿಡುವ ಅಗತ್ಯವೇನಿತ್ತು?

ಗೆಳೆಯನ ಕರಡಿನಲ್ಲಿ ಒಂದು ನಿಯಮವಿದೆ: ಹಂದಿಯವರು ಕಂಡದ್ದನ್ನೆಲ್ಲ ತಿನ್ನುವವರಾದ್ದರಿಂದ ಕೋಟೆಯೊಳಗೆ ವಾಸಿಸುವಂತಿಲ್ಲ. ಅದನ್ನು ಓದಿದಾಗ ನನಗೆ ಪಿಎಚ್‌.ಡಿ.ಗೆ ಸೇರಿದ ವರ್ಷ ಬಾಡಿಗೆ ರೂಮು ಹುಡುಕಿದ್ದು ನೆನಪಾಯಿತು. ಮನೆ ಓನರ್ ಬಾಗಿಲಲ್ಲೇ ನಿಲ್ಲಿಸಿ, "ನಾನ್‌ವೆಜ್ ತಿಂತೀರಾ?" ಎಂದರು.

"ರೂಮಲ್ಲಿ ಮಾಡಲ್ಲ ಸಾರ್."

"ಮಾಡೋದಲ್ಲ, ತಿಂತೀರಾ ಅಂತ ಕೇಳಿದ್ದು."

ರೂಮು ಸಿಗಲಿಲ್ಲ. ಅವರು ಕೇಳಿದ್ದು ಊಟದ ವಿಷಯವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕೋಟೆಯೊಳಗಿನ ಸಿಂಹದವರು ಏನು ತಿನ್ನುತ್ತಾರೆ? ಕರಡಿನಲ್ಲೆಲ್ಲೂ ಉತ್ತರವಿಲ್ಲ. ನಮ್ಮ ಪುಣ್ಯಕೋಟಿಯ ಹಾಡು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಅಲ್ಲಿ ಹುಲಿಯ ಮನಸ್ಸು ಬದಲಾಗುತ್ತದೆ, ಆದರೆ ಬದಲಾದ ಹುಲಿಗೆ ಬದುಕುವ ದಾರಿಯಿಲ್ಲ. ಆ ದಾರಿಯನ್ನು ಹುಡುಕುವುದೇ ಹೊಸ ಲೋಕ ಕಟ್ಟುವವರ ಕೆಲಸ ಎಂದು ನಾನು ನಂಬಿದ್ದೇನೆ.

"ಒಂದು ಕಥೆಗೆ ಇಷ್ಟೆಲ್ಲ ಯಾಕೆ ಮಾರಾಯ?" ಎಂದ ಗೆಳೆಯ. ಕಥೆ ಎಂಬ ಕಾರಣಕ್ಕೇ. ನಿಜದ ಊರಿನಲ್ಲಿ ಕೇರಿಗಳು ನಾನು ಹುಟ್ಟುವ ಮೊದಲೇ ಇದ್ದವು. ಕಾಗದದ ಊರನ್ನು ಅವನು ಬರಿ ನೆಲದ ಮೇಲೆ ಕಟ್ಟುತ್ತಿದ್ದಾನೆ. ಎಲ್ಲ ಕುಸಿದ ಮೇಲೂ ಮತ್ತವೇ ಕೇರಿಗಳು ಎದ್ದರೆ, ಆ ಕುಸಿತದಲ್ಲಿ ಕುಸಿದದ್ದಾದರೂ ಏನು?