ಸೇವೆಗೆ ಹೋದವರ ಪ್ರಾಣಕ್ಕೆ ಹೊಣೆ ಯಾರು?

ಗಿರಣಿಯ ಯಂತ್ರಕ್ಕೆ ಸಿಕ್ಕಿ ಕೂಲಿಗಾರನ ಕೈ ಹೋದರೆ "ಅವನ ಹಣೆಬರಹ" ಎಂದು ಮಾಲೀಕರು ಹೇಳಿ ಮುಗಿಸುತ್ತಿದ್ದ ಕಾಲವೊಂದಿತ್ತು. ೧೯೨೩ರಲ್ಲಿ ಕೂಲಿಗಾರರ ಪರಿಹಾರ ಕಾಯಿದೆ ಬಂದ ಮೇಲೆ ಆ ಮಾತಿನ ಬಲ ಕುಂದಿತು. ಕೆಲಸ ಕೊಟ್ಟವನು ಕೆಲಸಗಾರನ ಗಾಯಕ್ಕೂ ಹೊಣೆ ಎಂಬುದು ನಮ್ಮ ಓದುಗರಿಗೆ ಹೊಸ ಪಾಠವಲ್ಲ. ಆದರೆ ಈ ನ್ಯಾಯ ಇನ್ನೂ ಪೂರ್ತಿ ತಲಪದ ಒಂದು ಕೆಲಸವಿದೆ. ಯುದ್ಧ, ಬರಗಳ ನಾಡಿನಲ್ಲಿ ಅನ್ನ, ಔಷಧ ಹಂಚುವ ಪರಿಹಾರ ಸಂಸ್ಥೆಗಳ ನೌಕರಿಯೇ ಅದು.

"ಅದು ಸೇವೆ, ಸೇವೆಗೆ ಹೊರಟವರು ಪ್ರಾಣದ ಲೆಕ್ಕ ಹಾಕಬಾರದು" ಎನ್ನುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ ೨೦೨೪ರಲ್ಲಿ ೩೮೩ ಪರಿಹಾರ ನೌಕರರು ಕೊಲೆಯಾದರು. ಅವರಲ್ಲಿ ಬಹುಪಾಲು ಹೊರದೇಶದಿಂದ ಬಂದ ಅಧಿಕಾರಿಗಳಲ್ಲ, ಆಯಾ ನಾಡಿನವರೇ ಆದ ನೌಕರರು.

ಕೀನ್ಯಾ ದೇಶದ ದಡಾಬ್‌ನಲ್ಲಿ ಸೊಮಾಲಿಯಾದ ನಿರಾಶ್ರಿತರ ದೊಡ್ಡ ಶಿಬಿರಗಳಿವೆ. ೨೦೧೨ರ ಜೂನ್ ೨೯ರಂದು ಅಲ್ಲಿ ಶಸ್ತ್ರಧಾರಿ ಬೆಂಗಾವಲಿಲ್ಲದೆ ಹೊರಟಿದ್ದ ನಾರ್ವೆಯ ನಿರಾಶ್ರಿತರ ಮಂಡಲಿಯ ವಾಹನಗಳ ಮೇಲೆ ಬಂದೂಕುದಾರರು ಬಿದ್ದರು. ಒಬ್ಬ ಡ್ರೈವರನನ್ನು ಕೊಂದರು, ನಾಲ್ವರನ್ನು ಸೊಮಾಲಿಯಾಕ್ಕೆ ಎಳೆದೊಯ್ದರು. ನಾಲ್ಕು ದಿನಗಳ ಮೇಲೆ ಅವರ ಬಿಡುಗಡೆಯಾಯಿತು. ಗುಂಡೇಟು ತಿಂದಿದ್ದ ಒಬ್ಬ ನೌಕರ ಸುಮ್ಮನಾಗದೆ ಆಸ್ಲೋ ನಗರದ ನ್ಯಾಯಾಲಯದಲ್ಲಿ ದಾವೆ ಹೂಡಿದ. ೨೦೧೫ರ ನವೆಂಬರಿನಲ್ಲಿ ತೀರ್ಪು ಬಂತು: ಅಪಹರಣದ ಅಪಾಯ ಮೊದಲೇ ತಿಳಿಯುವಂತಿತ್ತು, ತಪ್ಪಿಸಬಹುದಾಗಿತ್ತು, ಸಂಸ್ಥೆಯದು ಘೋರ ಅಲಕ್ಷ್ಯ, ಅದು ಪರಿಹಾರ ಕೊಡತಕ್ಕದ್ದು.

ಆದರೆ ನಾರ್ವೆಯ ಕೋರ್ಟಿನವರೆಗೆ ಎಷ್ಟು ಮಂದಿ ಹೋಗಬಲ್ಲರು? ೨೦೦೬ರ ಆಗಸ್ಟ್ ೪ರಂದು ಶ್ರೀಲಂಕಾದ ಮುತ್ತೂರಿನಲ್ಲಿ ಫ್ರಾನ್ಸಿನ ಪರಿಹಾರ ಸಂಸ್ಥೆಯೊಂದರ ೧೭ ನೌಕರರನ್ನು ಅವರ ಕಚೇರಿಯ ಅಂಗಳದಲ್ಲೇ ಗುಂಡಿಕ್ಕಿ ಕೊಂದರು. ಎಲ್ಲರೂ ಆ ದೇಶದವರೇ. ಊರಲ್ಲಿ ಕಾಳಗ ನಡೆದಿದ್ದಾಗ ಕಚೇರಿಯಲ್ಲೇ ಇರಿ ಎಂದು ಅವರಿಗೆ ಹೇಳಲಾಗಿತ್ತು. ಆ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಿಲ್ಲ.

ಸಂಸ್ಥೆ ಎಚ್ಚರದಿಂದಿದ್ದರೆ ಸಾಕು ಎಂದೂ ನಾವು ಹೇಳುವುದಿಲ್ಲ. ೨೦೨೪ರ ಏಪ್ರಿಲ್ ೧ರಂದು ಗಾಜಾದಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆ ತನ್ನ ವಾಹನಗಳ ಸಂಚಾರವನ್ನು ಇಸ್ರೇಲಿನ ಸೇನೆಗೆ ಮೊದಲೇ ತಿಳಿಸಿತ್ತು. ಆದರೂ ಆ ಸೇನೆಯ ದಾಳಿಗೆ ಏಳು ಮಂದಿ ಬಲಿಯಾದರು. ಬಂದೂಕು ಹಿಡಿದ ಸರ್ಕಾರವೂ ಉತ್ತರ ಕೊಡಲೇಬೇಕು. ಆದರೆ ಸರ್ಕಾರದ ತಪ್ಪನ್ನು ತೋರಿಸಿ ಕೆಲಸ ಕೊಟ್ಟವರು ತಮ್ಮ ಹೊಣೆಯಿಂದ ನುಣುಚಿಕೊಳ್ಳಬಾರದು.

ವಾಹನ ಹೊರಡುವ ಮುನ್ನ ಅಪಾಯವನ್ನು ಅಳೆಯಬೇಕು. ದಾರಿ ಬಲ್ಲ ಡ್ರೈವರನ ಮಾತನ್ನು ಕೇಳಬೇಕು. "ಇವತ್ತು ಹೋಗಲಾರೆ" ಎಂದವನ ಸಂಬಳ ಕಡಿಯಬಾರದು. ವಿಮೆ, ಚಿಕಿತ್ಸೆ, ಅಪಾಯದ ಜಾಗದಿಂದ ಪಾರು ಮಾಡುವ ಏರ್ಪಾಟು — ಇವು ಹೊರಗಿನಿಂದ ಬಂದವನಿಗೆ ಒಂದು ಬಗೆ, ಊರಿನವನಿಗೆ ಇನ್ನೊಂದು ಬಗೆ ಇರಕೂಡದು.

ಅಂಗಡಿಯ ಬಂಧುಗಳಿಗೂ ಒಂದು ಮಾತು. ನೆರೆ, ಬರಗಳಿಗೆ ನೀವು ಕೈಬಿಚ್ಚಿ ಚಂದಾ ಕೊಡುತ್ತೀರಿ. ಕೊಡುವಾಗ "ಹಣವೆಲ್ಲ ಅಕ್ಕಿಗೇ ಹೋಗಲಿ, ಕಚೇರಿ ಖರ್ಚಿಗೆ ಬೇಡ" ಎನ್ನುತ್ತೀರಿ. ಅಕ್ಕಿ ತಾನಾಗಿ ನಡೆದು ಹೋಗುವುದಿಲ್ಲ. ಅದನ್ನು ಹೊತ್ತ ಲಾರಿಯ ಡ್ರೈವರನಿಗೆ ತರಬೇತಿ, ರೇಡಿಯೊ, ವಿಮೆ ಬೇಕು. ಆ ಖರ್ಚು ದುಂದಲ್ಲ. ಅದೂ ಅನ್ನದ ಬೆಲೆಯೇ.

ದಡಾಬ್‌ನಲ್ಲಿ ಸತ್ತ ಡ್ರೈವರ್ ತಿಂಗಳ ಸಂಬಳಕ್ಕೆ ದುಡಿಯುತ್ತಿದ್ದವನು, ನಮ್ಮವನು. ಅವನಿಗೆ ಹುತಾತ್ಮನೆಂಬ ಹಾರ ಹಾಕಿದರೆ ಸಾಲದು. ಜೀವಂತ ಮನೆಗೆ ಮರಳುವುದು ಅವನ ಹಕ್ಕಾಗಿತ್ತು.