ಬಾಲ್ಕನಿಯಲ್ಲಿ ಕೆರೆ ಇಲ್ಲ ಕಣ್ರೀ

ಬೆಂಗಳೂರಿನ ಅಪಾರ್ಟ್‌ಮೆಂಟ್ ಜನಕ್ಕೆ ಹೊಸ ಖಯಾಲಿ ಹತ್ತಿದೆ. ನಾಯಿ, ಬೆಕ್ಕು, ಮೀನಿನ ತೊಟ್ಟಿ ಎಲ್ಲ ಹಳತಾದವು. ಈಗ ಬಾತುಮರಿ. ದುಡ್ಡು ಇನ್ನೂ ಜಾಸ್ತಿ ಇದ್ದರೆ ಗೋಲ್ಡನ್ ಫೆಸೆಂಟ್. "ಸ್ಟ್ರೆಸ್ ಹೋಗತ್ತೆ, ಮಕ್ಕಳಿಗೆ ನೇಚರ್ ಗೊತ್ತಾಗತ್ತೆ" ಅನ್ನೋದು ಸಮಜಾಯಿಷಿ. ನನ್ನ ತಕರಾರು ಇಷ್ಟೇ: ಸ್ಟ್ರೆಸ್ಸು ನಿಮ್ಮದು, ಸಾಯೋದು ಮಾತ್ರ ಅದು.

ಹಳದಿ ಹತ್ತಿಯುಂಡೆ ಥರ ಇರೋ ಆ ಮರಿಗೆ ಮೊದಲ ವಾರ ಸುಮಾರು 32 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಹೇಂಟೆಯ ರೆಕ್ಕೆಯಡಿ ಇದು ತಾನಾಗೇ ಆಗತ್ತೆ. ಎಸಿ ರೂಮಿನ ರಟ್ಟಿನ ಡಬ್ಬದಲ್ಲಿ ಆಗಲ್ಲ. ತಾಯಿಯಿಲ್ಲದ ಮರಿಯನ್ನು ವಿಡಿಯೋಗೋಸ್ಕರ ಬಕೆಟ್ಟಿನಲ್ಲಿ ಈಜೋಕೆ ಬಿಟ್ಟರೆ ತುಪ್ಪಳ ನೆನೆದು ಚಳಿ ಹಿಡಿದು ಸಾಯಬಹುದು. ಕೋಳಿಮರಿಯ ಆಹಾರವನ್ನೇ ಹಾಕುತ್ತಾ ಹೋದರೆ ನಯಾಸಿನ್ ಸಾಲದೆ ಕಾಲು ಸೊಟ್ಟಗಾಗುತ್ತವೆ. ಬ್ರೆಡ್ಡು ಹಾಕೋರಿಗಂತೂ ಏನು ಹೇಳೋಣ?

ಇಷ್ಟೆಲ್ಲ ದಾಟಿ ಬದುಕಿತು ಅನ್ನಿ. ಬಿಳಿ ಪೆಕಿನ್ ಬಾತು ಏಳೆಂಟು ವಾರದಲ್ಲಿ ಮೂರು ಕೆಜಿ ತೂಗತ್ತೆ. ಹೆಣ್ಣಾದರೆ ಗಂಟಲು ಜೋರು, ಗಂಡಿನದು ಬರೀ ಗೊಗ್ಗರು ದನಿ. ದಿನವಿಡೀ ನೀರುನೀರಾಗಿ ಹಿಕ್ಕೆ ಹಾಕತ್ತೆ. ಆಗ ಅಸೋಸಿಯೇಷನ್ ಗ್ರೂಪಲ್ಲಿ ಜಗಳ ಶುರು. ಕೊನೆಗೊಂದು ದಿನ "ಕೆರೆಗೆ ಬಿಟ್ಟು ಬಂದ್ವಿ, ಫ್ರೀಡಂ!" ಅಂತ ಪೋಸ್ಟು. ಅಷ್ಟು ದಪ್ಪಗಿನ ಸಾಕುಬಾತಿಗೆ ಹಾರೋಕಾಗಲ್ಲ ಸ್ವಾಮಿ. ಬೀದಿನಾಯಿಗೆ ಊಟ ಪಾರ್ಸೆಲ್ ಮಾಡಿ ಬಂದಿರಿ, ಅಷ್ಟೇ.

ಫೆಸೆಂಟ್ ಕತೆ ಇನ್ನೂ ಕೆಟ್ಟದು. ಚೀನಾದ ಗುಡ್ಡಗಾಡಿನ ಹಕ್ಕಿ ಅದು. ಹಗಲು ನೆಲ ಕೆದರುತ್ತಾ ಪೊದೆಯಲ್ಲಿ ಅವಿತಿರತ್ತೆ, ರಾತ್ರಿ ಮರ ಹತ್ತತ್ತೆ. ಗಾಬರಿಯಾದರೆ ನೆಟ್ಟಗೆ ಮೇಲಕ್ಕೆ ಚಿಮ್ಮತ್ತೆ. ತಗ್ಗು ಪಂಜರದಲ್ಲಿ ತಲೆ ಒಡಕೊಳ್ಳತ್ತೆ. ನೀವು ದುಡ್ಡು ಕೊಟ್ಟ ಆ ಚಿನ್ನದ ಬಣ್ಣ ಹುಂಜಕ್ಕೆ ಪೂರ್ತಿ ಬರೋದು ಎರಡನೇ ವರ್ಷದಲ್ಲಿ. ಅಲ್ಲಿಯವರೆಗೆ ತಾಳ್ಮೆ ಇರತ್ತಾ?

"ನಿಮ್ಮ ಹಳ್ಳೀಲಿ ಕೋಳಿ ಕೊಯ್ದು ತಿಂತಾರೆ, ನೀವು ನಮಗೆ ನೀತಿ ಹೇಳ್ತೀರಾ?" ಅಂತ ಕೇಳ್ತೀರಿ. ಹೌದು, ತಿಂತೀವಿ. ಆದರೆ ಕೊಯ್ಯೋ ದಿನದವರೆಗೆ ಆ ಕೋಳಿ ಕೋಳಿಯಾಗೇ ಬದುಕಿರತ್ತೆ. ತಿಪ್ಪೆ ಕೆದರತ್ತೆ, ಮಣ್ಣಲ್ಲಿ ಹೊರಳತ್ತೆ, ಕಾವಿಗೆ ಕೂರತ್ತೆ, ಹದ್ದು ಕಂಡರೆ ಮರಿಗಳನ್ನ ಕರಕೊಂಡು ಓಡತ್ತೆ. ನಮ್ಮ ಅಜ್ಜಿಯರು ಅದನ್ನ "ಬೇಬಿ" ಅಂತ ಕರೀಲಿಲ್ಲ. ಸಂಜೆ ಬುಟ್ಟಿ ಮುಚ್ಚೋದನ್ನ ಮಾತ್ರ ಒಂದು ದಿನವೂ ಮರೀಲಿಲ್ಲ. ನೀವು "ಬೇಬಿ" ಅಂತೀರಿ, ಲಾಂಗ್ ವೀಕೆಂಡ್ ಬಂದರೆ ವಾಚ್‌ಮನ್ ಕೈಗೆ ಕೊಟ್ಟು ಕೂರ್ಗಿಗೆ ಹೋಗ್ತೀರಿ.

ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಕಣ್ಣೆದುರು ಓಡಾಡಿದವರನ್ನೇ ಬಾತುಮರಿ ತಾಯಿ ಅಂದುಕೊಳ್ಳತ್ತೆ. ಹೆಬ್ಬಾತಿನ ಮರಿಗಳಲ್ಲಿ ಇದನ್ನ ತೋರಿಸಿದ ಕೊನ್ರಾಡ್ ಲೊರೆಂಟ್ಸ್‌ಗೆ 1973ರಲ್ಲಿ ನೊಬೆಲ್ ಬಂತು. ಅದು ನಿಮ್ಮ ಹಿಂದೆ ಹಿಂದೆ ಬರೋದು ಕ್ಯೂಟ್ ಆಗಿರಲಿ ಅಂತಲ್ಲ. ನೀವು ಕಣ್ಮರೆಯಾದರೆ ಸಾವು ಅಂತ ಅದರ ಮೈಗೆ ಗೊತ್ತು. ನೀವು ಲಾಗಿನ್ ಆದ ಒಂಬತ್ತು ಗಂಟೆ ಅದು ಒಂಟಿಯಾಗಿ ಅರಚುತ್ತಿರತ್ತೆ.

ಸಾಕಲೇಬಾರದು ಅಂತ ನಾನು ಹೇಳ್ತಿಲ್ಲ. ಊರಲ್ಲಿ ಜಮೀನಿದೆಯಾ? ನೀರಿನ ಹೊಂಡ, ರಾತ್ರಿ ಭದ್ರವಾದ ಗೂಡು, ದಿನಾ ನೋಡಿಕೊಳ್ಳೋ ಒಬ್ಬರು, ಜೊತೆಗೆ ಇನ್ನೆರಡು ಬಾತು ಇದ್ದರೆ ಧಾರಾಳವಾಗಿ ಸಾಕಿ. ಫೆಸೆಂಟಿಗಾದರೆ ಮಣ್ಣಿನ ನೆಲ, ಗಿಡ, ಎತ್ತರದ ಬಲೆಮನೆ ಕಟ್ಟಿಸಿ. ಇದ್ಯಾವುದೂ ಇಲ್ಲದವರು ಮಕ್ಕಳನ್ನ ಭಾನುವಾರ ಬೆಳಗ್ಗೆ ಹತ್ತಿರದ ಕೆರೆ ಏರಿಗೆ ಕರಕೊಂಡು ಹೋಗಿ. ಚುಕ್ಕೆ ಕೊಕ್ಕಿನ ಕಾಡುಬಾತು ಬೆಂಗಳೂರಿನ ಕೆರೆಗಳಲ್ಲಿ ಈಗಲೂ ಈಜತ್ತೆ. ಅದನ್ನು ನೋಡೋಕೆ ಕಾಸು ಕೊಡಬೇಕಿಲ್ಲ. ಅದಕ್ಕೆ ನಿಮ್ಮಿಂದ ಬೇಕಾಗಿರೋದು ಒಂದೇ: ಕೆರೆಗೆ ಕೊಳಚೆ ನೀರು ಬಿಡದ ಹಾಗೆ ಜಗಳ ಮಾಡೋ ನಾಲ್ಕು ಜನ.