ಐವತ್ತು ರೂಪಾಯಿ ದಂಡಕ್ಕೆ ಹೆದರುವವರು ಯಾರು?

ನಿಮ್ಮ ಮನೆಯ ಗೋಲ್ಡ್‌ಫಿಶ್ ಹೇಗೆ ಸತ್ತಿತು? ರೋಗ ಬಂತು ಎನ್ನುತ್ತೀರಿ. ಸುಳ್ಳು. ಅದಕ್ಕೆ ವಿಷ ಹಾಕಲಾಯಿತು. ಹಾಕಿದವರು ನೀವು. ಹಾಕುವ ದಾರಿ ತೋರಿಸಿದವನು ಅಂಗಡಿಯವ. ಕಂಡೂ ಕಾಣದಂತೆ ಕೂತದ್ದು ಸರಕಾರ.

ಇನ್ನಂಜೆಯಲ್ಲಿ ನಮ್ಮ ಬಂಧುಗಳ ಒಂದು ಮನೆ. ಟಿ.ವಿ. ಪಕ್ಕದಲ್ಲಿ ಗಾಜಿನ ಬೌಲು. ಮೂರು ಲೀಟರ್ ನೀರೂ ಹಿಡಿಯದ ಬೌಲು. ಅದರಲ್ಲಿ ಎರಡು ಮೀನು. ಒಂದು ಅಡ್ಡ ಬಿದ್ದಿತ್ತು. ಇನ್ನೊಂದು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಮನೆಯ ಸಣ್ಣ ಹುಡುಗಿಗೆ ಅಳು. "ಅಜ್ಜ, ಇದಕ್ಕೆ ಎಂಥ ಆಯ್ತು?" ಅಜ್ಜ ಪೇಪರಿನಿಂದ ತಲೆ ಎತ್ತಲಿಲ್ಲ. "ಸತ್ರೆ ಸಾಯ್ಲಿ ಮಗಾ. ಮನೆಯ ದೃಷ್ಟಿ ತೆಕ್ಕೊಂಡು ಹೋಯ್ತು ಅಂತ ಲೆಕ್ಕ. ಬೇರೆ ತರುವ."

ಕೇಳಿಸಿತಲ್ಲ? ಇದು ವಾಸ್ತು ಮೀನಿನ ಶಾಸ್ತ್ರ. ಎಂಟು ಕೆಂಪು, ಒಂದು ಕಪ್ಪು. ಮೀನು ಬದುಕಿದ್ದರೆ ಲಕ್ಷ್ಮಿ ಬರುತ್ತಾಳೆ. ಸತ್ತರೆ ನಿಮ್ಮ ಗಂಡಾಂತರವನ್ನು ಹೊತ್ತುಕೊಂಡು ಹೋಯಿತು. ಎಂಥ ವ್ಯಾಪಾರ ಮಾರಾಯ್ರೆ ಇದು! ಮಾರಿದ ಮಾಲು ಹಾಳಾದರೆ ಗಿರಾಕಿ ಬೈಯುವುದಿಲ್ಲ. ಕೈಮುಗಿಯುತ್ತಾನೆ. ಮತ್ತೆ ದುಡ್ಡು ಕೊಟ್ಟು ಇನ್ನೊಂದು ಒಯ್ಯುತ್ತಾನೆ. ಲೋಕದಲ್ಲಿ ಬೇರೆ ಯಾವ ಅಂಗಡಿಗಾದರೂ ಈ ಭಾಗ್ಯ ಉಂಟಾ?

ಈ ಮೀನಿನ ಆಯುಷ್ಯ ಎಷ್ಟು ಗೊತ್ತಾ ನಿಮಗೆ? ಸರಿಯಾಗಿ ಸಾಕಿದರೆ ಹತ್ತು ಹದಿನೈದು ವರ್ಷ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟವೊಂದರಲ್ಲಿ ಬಹುಮಾನವಾಗಿ ಸಿಕ್ಕಿದ ಟಿಶ್ ಎಂಬ ಗೋಲ್ಡ್‌ಫಿಶ್ ಸತ್ತದ್ದು 1999ರಲ್ಲಿ. ನಲವತ್ತಮೂರು ವರ್ಷ! ನಮ್ಮಲ್ಲಿ? ಚೌತಿಗೆ ತಂದದ್ದು ದೀಪಾವಳಿ ನೋಡುವುದಿಲ್ಲ. ತೆಂಗಿನ ಬುಡಕ್ಕೆ ಎಸೆದು ಕೈ ತೊಳೆಯುತ್ತೇವೆ. ಹೋದ ಆಯುಷ್ಯದ ಲೆಕ್ಕ ಯಾರು ಕೊಡಬೇಕು?

ವಿಷ ಅಂದೆನಲ್ಲ, ಅದು ಬರುವುದು ಎಲ್ಲಿಂದ ಎಂದು ಹೇಳುತ್ತೇನೆ. ಮೀನು ಕಿವಿರಿನಿಂದಲೇ ಅಮೋನಿಯ ಹೊರಹಾಕುತ್ತದೆ. ಗೋಲ್ಡ್‌ಫಿಶ್‌ಗೆ ಹೊಟ್ಟೆಯ ಚೀಲವೇ ಇಲ್ಲ. ತಿಂದದ್ದು ನಿಲ್ಲುವುದಿಲ್ಲ. ತಿನ್ನುತ್ತಲೇ ಇರುತ್ತದೆ, ಹೇಲುತ್ತಲೇ ಇರುತ್ತದೆ. ಹೊಳೆಯಲ್ಲಿ, ಕೆರೆಯಲ್ಲಿ ಆ ಅಮೋನಿಯವನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ಒಂದು ಜಾತಿ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ. ಕೊನೆಯದ್ದು ಸಣ್ಣ ಪ್ರಮಾಣದಲ್ಲಿದ್ದರೆ ತಡೆದುಕೊಳ್ಳಬಹುದು. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮ ಬೌಲಿಗೆ ಫಿಲ್ಟರೇ ಇಲ್ಲ. ಅಂದಮೇಲೆ ಮೀನು ಎಲ್ಲಿ ಈಜುತ್ತಿದೆ? ತನ್ನ ಉಚ್ಚೆಯಲ್ಲಿ. ಅದರಲ್ಲೇ ಉಸಿರಾಡುತ್ತಿದೆ. ಕಿವಿರು ಸುಟ್ಟುಹೋಗಿದೆ. ಅದಕ್ಕೇ ಮೇಲೆ ಬಂದು ಬಾಯಿ ಬಿಡುತ್ತಿದೆ. ನೀವು ಅದನ್ನು ನೋಡಿ, "ಹಸಿವು, ಪಾಪ" ಎಂದು ಇನ್ನೊಂದು ಚಿಟಿಕೆ ಕೆಂಪು ಕಾಳು ಉದುರಿಸುತ್ತೀರಿ!

ಅದರ ಮೇಲೆ ನಮ್ಮ ಸೆಕೆ. ಗೋಲ್ಡ್‌ಫಿಶ್ ತಣ್ಣೀರಿನ ಜೀವ. ಇಪ್ಪತ್ತು ಡಿಗ್ರಿಯ ನೀರಿನಲ್ಲಿ ಲೀಟರಿಗೆ ಒಂಬತ್ತು ಮಿಲಿಗ್ರಾಮಿನಷ್ಟು ಆಮ್ಲಜನಕ ಕರಗುತ್ತದೆ. ಮೂವತ್ತಕ್ಕೆ ಏರಿದರೆ ಏಳೂವರೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಪು ಕಡೆಯ ಮನೆಗಳ ಒಳಗೆ ಎಷ್ಟು ಡಿಗ್ರಿ ಎಂದು ನಿಮ್ಮ ಬೆವರೇ ಹೇಳುತ್ತದೆ. ಸೆಕೆ ಏರಿದಷ್ಟೂ ಅಮೋನಿಯದ ವಿಷವೂ ಏರುತ್ತದೆ. ಕುತ್ತಿಗೆ ಕಿರಿದಾದ ಬೌಲಿನಲ್ಲಿ ಗಾಳಿ ತಾಗುವ ನೀರು ಅಂಗೈಯಗಲ. ಇದನ್ನು ಚಂದ ಎಂದು ಮಾರುತ್ತಾರೆ.

ಇನ್ನೂ ಉಂಟು. ಸಂಜೆಯಾದರೆ ಸೊಳ್ಳೆ. ಪ್ರತಿ ಮನೆಯಲ್ಲಿ ಲಿಕ್ವಿಡ್ ಮಿಶಿನ್, ಇಲ್ಲದಿದ್ದರೆ ಕಾಯಿಲ್. ಆ ಹೊಗೆಯಲ್ಲಿ ಇರುವುದು ಪೈರೆಥ್ರಾಯ್ಡ್ ಜಾತಿಯ ಔಷಧ. ಮನುಷ್ಯ ತಡೆದುಕೊಳ್ಳುತ್ತಾನೆ. ಮೀನಿಗೆ ಅದು ಘೋರ ವಿಷ. ಏರ್ ಪಂಪ್ ಏನು ಮಾಡುತ್ತದೆ? ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಮೀನಿಗೆ ಉಸಿರು ಕೊಡಲೆಂದು ತಂದ ಯಂತ್ರ ರಾತ್ರಿಯಿಡೀ ಸೊಳ್ಳೆ ಮದ್ದು ಕುಡಿಸುತ್ತದೆ. ಪಂಪ್ ಮಾರಿದವನು ಈ ಒಂದು ಮಾತು ಹೇಳಿದನಾ? ನನಗಂತೂ ಇಷ್ಟು ವರ್ಷದಲ್ಲಿ ಯಾವ ಅಂಗಡಿಯವನೂ ಹೇಳಿಲ್ಲ. ಮಲ್ಲಿಗೆ ಗಿಡಕ್ಕೆ ಹುಳದ ಮದ್ದು ಬಿಟ್ಟು, ಅದೇ ಕೈ ಟ್ಯಾಂಕಿಗೆ ಹಾಕುವವರೂ ಇದ್ದಾರೆ. ಶಂಕರಪುರ, ಇನ್ನಂಜೆಯ ಜನ ಮಲ್ಲಿಗೆಯ ಒಂದೊಂದು ಗಿಡದ ಜಾತಕ ಬಲ್ಲರು. ಎಲೆ ಯಾಕೆ ಬಾಡಿತು, ಮೊಗ್ಗು ಯಾಕೆ ಕೆಂಪಾಯಿತು, ಕೇಳಿದರೆ ಬಾಯಲ್ಲೇ ಉತ್ತರ. ಮೀನಿನ ವಿಷಯಕ್ಕೆ ಬಂದರೆ ದೃಷ್ಟಿಯಂತೆ, ದೃಷ್ಟಿ!

ಮೀನು ಅಡ್ಡ ಬಿದ್ದ ಮೇಲೆ ಅಂಗಡಿಗೆ ಓಡುತ್ತೀರಿ. ಅವನು ನೀಲಿ ಹನಿಯ ಸೀಸೆ ಕೊಡುತ್ತಾನೆ. ಹೆಸರಿಲ್ಲದ ಹಳದಿ ಪುಡಿ ಪೊಟ್ಟಣ ಕಟ್ಟಿಕೊಡುತ್ತಾನೆ. ನೀರು ಹೇಗಿದೆ ಎಂದು ಕೇಳುವುದಿಲ್ಲ. ಎಷ್ಟು ಲೀಟರ್ ಎಂದು ಕೇಳುವುದಿಲ್ಲ. ಆ ನೀಲಿ ಹನಿ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಕೊಲ್ಲಬಹುದು ಎಂದು ಎಚ್ಚರಿಸುವುದಿಲ್ಲ. ಆಂಟಿಬಯಾಟಿಕ್ ಪುಡಿಯನ್ನು ಚೀಟಿಯಿಲ್ಲದೆ ಕಡಲೆಪುರಿಯ ಹಾಗೆ ಹಂಚುವ ಇವನನ್ನು ಹಿಡಿಯುವವರು ಯಾರು?

ಮದ್ದಿಗಿಂತ ಮೊದಲು ನೀರು. ಇದನ್ನು ಗೋಡೆಗೆ ಬರೆದು ಅಂಟಿಸಿ. ಇನ್ನಂಜೆಯ ಆ ಬೌಲಿನ ನೀರಿಗೆ ಅಮೋನಿಯ ಪರೀಕ್ಷೆಯ ಹನಿ ಹಾಕಿದೆ. ಹಳದಿ ಉಳಿಯಬೇಕಿತ್ತು. ಕಡು ಹಸಿರಾಯಿತು. ಅಜ್ಜ ಆಗ ಪೇಪರು ಕೆಳಗಿಟ್ಟರು.

ನೀರನ್ನೆಲ್ಲ ಒಮ್ಮೆಲೇ ಚೆಲ್ಲಬೇಡಿ. ಮೂರನೇ ಒಂದು ಭಾಗ ತೆಗೆಯಿರಿ, ಅಷ್ಟೇ ಹೊಸ ನೀರು ಹಾಕಿ, ಮರುದಿನ ಮತ್ತೆ. ಹೊಸ ನೀರೂ ಅದೇ ಬಿಸಿಯದ್ದಾಗಿರಲಿ. ಉಡುಪಿ, ಮಣಿಪಾಲದ ನಳ್ಳಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುವ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಹಳ್ಳಿಯ ಬಾವಿಗೆ ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಬೀಳುತ್ತದೆ. ಅದು ಕಿವಿರನ್ನೂ ಸುಡುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಕೆಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಸೋಡಿಯಂ ಥಯೋಸಲ್ಫೇಟ್ ಹರಳು ಹಾಕಿ. ಚಿಲ್ಲರೆ ಕಾಸಿನ ಮಾಲು ಅದು. ಹತ್ತು ಲೀಟರಿಗೆ ಎರಡು ಟೀ ಚಮಚ ಕಲ್ಲುಪ್ಪನ್ನು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದರೆ ನೈಟ್ರೈಟಿನ ವಿಷ ಕಿವಿರಿನೊಳಗೆ ನುಗ್ಗುವುದು ತಗ್ಗುತ್ತದೆ. ಎರಡು ದಿನ ತಿಂಡಿ ನಿಲ್ಲಿಸಿ. ಸಾಯುವುದಿಲ್ಲ. ಹೊಟ್ಟೆಯುಬ್ಬಿ ಮಗುಚಿ ತೇಲುತ್ತಿದ್ದರೆ, ಆ ಉಪವಾಸದ ಮೇಲೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಚೂರು. ಮೈಮೇಲೆ ಬಿಳಿ ಚುಕ್ಕೆ ಎದ್ದಿದ್ದರೆ ಅದು ಪರಾವಲಂಬಿ ಜೀವಿ. ಆಗ ಉಪ್ಪು, ಮದ್ದು ಎರಡೂ ಬೇಕಾಗಬಹುದು. ಹುರುಪೆಗಳೆಲ್ಲ ಎದ್ದು ನಿಂತಿದ್ದರೆ ಮೂತ್ರಪಿಂಡ ಕೈಕೊಟ್ಟ ಲಕ್ಷಣ. ಹೆಚ್ಚಿನವು ಅಲ್ಲಿಂದ ಮರಳುವುದಿಲ್ಲ. ತಡ ಮಾಡಿದ್ದು ಯಾರು?

ಮತ್ತೆ ಆ ಬೌಲನ್ನು ಒಡೆದು ಹಾಕಿ. ಒಂದು ಗೋಲ್ಡ್‌ಫಿಶ್‌ಗೆ ಎಪ್ಪತ್ತು ಎಂಬತ್ತು ಲೀಟರಿನ ತೊಟ್ಟಿ ಬೇಕು. ಎರಡನೆಯದಕ್ಕೆ ಇನ್ನೂ ನಲವತ್ತು. ಗಾಜೇ ಆಗಬೇಕೆಂದಿಲ್ಲ. ಹಟ್ಟಿಯ ಬದಿಯ ಹಳೇ ಸಿಮೆಂಟ್ ತೊಟ್ಟಿ ಇದ್ದರೆ ಚೆನ್ನಾಗಿ ತೊಳೆದು, ನೆರಳಿಗಿಟ್ಟು, ಸ್ಪಾಂಜ್ ಫಿಲ್ಟರ್ ಹಾಕಿ. ಸ್ಪಾಂಜನ್ನು ನಳ್ಳಿ ನೀರಿಗೆ ಹಿಡಿದು ಉಜ್ಜಬೇಡಿ. ತೊಟ್ಟಿಯ ನೀರಲ್ಲೇ ಹಿಂಡಿ. ನಮ್ಮ ಮುರಕಲ್ಲಿನ ಬಾವಿ ನೀರು ಹುಳಿ, ಮೃದು. ಬ್ಯಾಕ್ಟೀರಿಯಾ ಅದರಲ್ಲಿ ಸೊರಗುತ್ತದೆ. ಅಮೋನಿಯ ಇಳಿದ ಮೇಲೆ ಒಂದು ಹಿಡಿ ಮರುವಾಯಿ ಚಿಪ್ಪನ್ನು ಕುದಿಸಿ, ಒಣಗಿಸಿ ಫಿಲ್ಟರಿನ ಹತ್ತಿರ ಇಡಿ. ಸುಣ್ಣದಂಶ ನಿಧಾನಕ್ಕೆ ಬಿಡುತ್ತದೆ. ಊಟ ಮುಗಿಸಿ ಎಸೆಯುವ ಚಿಪ್ಪು! ಇದಕ್ಕೂ ದುಡ್ಡಿಲ್ಲವಾ?

ಈಗ ಯಾರೋ ಗೊಣಗುತ್ತಾರೆ. "ಬಂಗುಡೆ ಬೂತಾಯಿ ಕಿಲೋಗಟ್ಟಲೆ ತಿನ್ನುವವರು ನಾವು. ಒಂದು ಮೀನಿಗೆ ಇಷ್ಟು ಬೊಬ್ಬೆಯಾ ಮಾರಾಯ್ರೆ?" ಹೌದು, ಬೊಬ್ಬೆಯೇ. ತಿನ್ನಲು ಕೊಂದವನು ತಿನ್ನುತ್ತಾನೆ. ನೀವು ಕೊಂದದ್ದು ಯಾಕೆ? ಶೋಕೇಸಿಗೆ. ಮಲ್ಪೆಯಲ್ಲಿ ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡದೆ ನೀವು ಕಾಸು ಬಿಚ್ಚುತ್ತೀರಾ? ಸತ್ತ ಮೀನಿನ ಕಿವಿರು ಕೆಂಪಗಿದೆಯೋ ಇಲ್ಲವೋ ಎಂದು ಇಷ್ಟು ಜಾಗ್ರತೆ. ಮನೆಯೊಳಗೆ ಬದುಕಿರುವ ಮೀನಿನ ಕಿವಿರು ಬೆಳ್ಳಗಾಗಿ ಕೊಳೆಯುವಾಗ ಕಣ್ಣು ಎಲ್ಲಿಗೆ ಹೋಯಿತು?

ಕಾನೂನು ಉಂಟಲ್ಲ, ಎನ್ನುತ್ತೀರಾ? ಉಂಟು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಮನುಷ್ಯನನ್ನು ಬಿಟ್ಟು ಜೀವವಿರುವುದೆಲ್ಲ ಪ್ರಾಣಿ ಎನ್ನುತ್ತದೆ ಅದು. ಮೀನೂ ಸೇರಿತು. ಮೈ ಆಡಿಸಲು ಜಾಗ ಸಾಲದ ಗೂಡಿನಲ್ಲಿ, ಪಾತ್ರೆಯಲ್ಲಿ ಪ್ರಾಣಿಯನ್ನು ಕೂಡಿಹಾಕಿದರೆ ಅಪರಾಧ ಎಂದೂ ಬರೆದಿದೆ. ಬೌಲು ಪಾತ್ರೆ ಅಲ್ಲದೆ ಮತ್ತೆಂಥದು? ಸರಿ, ಶಿಕ್ಷೆ ಎಷ್ಟು? ಮೊದಲ ಅಪರಾಧಕ್ಕೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ ದಂಡ. ನಗಬೇಡಿ. ಇವತ್ತಿಗೂ ಅದೇ ಐವತ್ತು.

2017ರಲ್ಲಿ ಕೇಂದ್ರ ಸರಕಾರ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮ ತಂದಿತು. ಬೌಲಿನಲ್ಲಿ ಮೀನು ಇಡಬಾರದು ಎಂದಿತು. ಮೀನು ಬಲ್ಲ ಪಶುವೈದ್ಯರು ಬೇಕು ಎಂದಿತು. ಅದರಲ್ಲಿ ಅತಿರೇಕವೂ ಇತ್ತು, ಒಪ್ಪುತ್ತೇನೆ. ಮಾರಾಟಗಾರರು ಬೊಬ್ಬೆ ಹೊಡೆದರು. ಸರಕಾರ ಏನು ಮಾಡಿತು? ತಪ್ಪಿದ್ದದ್ದನ್ನು ತಿದ್ದಿತಾ? ಇಲ್ಲ. ಕೆಲವೇ ತಿಂಗಳಲ್ಲಿ ಇಡೀ ನಿಯಮವನ್ನೇ ಹಿಂತೆಗೆದುಕೊಂಡಿತು. ಅದೇ 2017ರಲ್ಲಿ ಅಲಂಕಾರಿಕ ಮೀನು ಸಾಕಣೆ ಬೆಳೆಸಲು ಎಂಟು ರಾಜ್ಯಗಳಿಗೆ 61.89 ಕೋಟಿ ರೂಪಾಯಿಯ ಯೋಜನೆ ಹೊರಟಿತು. ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. 2020ರಲ್ಲಿ ಮತ್ಸ್ಯ ಸಂಪದ ಯೋಜನೆ ಬಂತು. ಘಟಕ ಹಾಕಿದರೆ ವೆಚ್ಚದ ನೂರಕ್ಕೆ ನಲವತ್ತು ಪಾಲು ಸಹಾಯಧನ, ಮಹಿಳೆಯರಿಗೆ, ಪರಿಶಿಷ್ಟರಿಗೆ ಅರವತ್ತು. ಕೊಡಲಿ. ಬಡವರ ಹಿತ್ತಲಿಗೆ ಕಾಸು ಬರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹುಟ್ಟಿಸಲು ಕೋಟಿ ಉಂಟು, ಮಾರಲು ಕೋಟಿ ಉಂಟು, ಮಾರಿದ ಮೇಲೆ ಅದು ಬದುಕಬೇಕು ಎನ್ನಲು ಒಂದು ಸಾಲಿನ ಆದೇಶ ಯಾಕಿಲ್ಲ?

ಮೀನು ಕಾಯಿಲೆ ಬಿದ್ದರೆ ಎಲ್ಲಿಗೆ ಒಯ್ಯಬೇಕು? ಪಶು ಆಸ್ಪತ್ರೆಯಲ್ಲಿ ಕೇಳಿ ನೋಡಿ. ದನ, ನಾಯಿ, ಕೋಳಿ. ಮೀನು ಎಂದರೆ ನಗು. ಮೀನು ಓದಿದವರು ಪಶುವೈದ್ಯರಲ್ಲ. ಪಶುವೈದ್ಯರು ಮೀನು ಓದಿದ್ದು ಅಷ್ಟಕ್ಕಷ್ಟೆ. ಎರಡು ಇಲಾಖೆಗಳ ನಡುವೆ ಮೀನು ಅನಾಥ. ದೇಶದ ಮೊದಲ ಮೀನುಗಾರಿಕೆ ಕಾಲೇಜು ಹುಟ್ಟಿದ್ದು 1969ರಲ್ಲಿ, ಇಲ್ಲೇ ಪಕ್ಕದ ಮಂಗಳೂರಿನಲ್ಲಿ. ಅರ್ಧ ಶತಮಾನದಾಚೆಗೂ ಕರಾವಳಿಯ ಸಾಮಾನ್ಯ ಮನೆಯ ಮಗು ತನ್ನ ಮೀನು ಹಿಡಿದುಕೊಂಡು ಹೋಗಲು ತಾಲೂಕಿಗೊಂದು ಜಾಗ ಇಲ್ಲ ಎಂದರೆ ನಾಚಿಕೆ ಯಾರಿಗಾಗಬೇಕು? ತಿಂಗಳಿಗೊಂದು ದಿನ, ಒಬ್ಬರು, ಒಂದು ಸೂಕ್ಷ್ಮದರ್ಶಕ. ಇಷ್ಟೂ ಆಗದಾ?

ಸಾಕಿ ಸಾಕಾದವರ ಕತೆ ಇನ್ನೂ ಹೊಲಸು. ಅವರು ಪುಣ್ಯವಂತರು. ಕೊಲ್ಲುವುದಿಲ್ಲ. ದೇವಸ್ಥಾನದ ಕೆರೆಗೆ ಬಿಡುತ್ತಾರೆ. ತೋಡಿಗೆ ಬಿಡುತ್ತಾರೆ. ಕೈಮುಗಿದು ಬರುತ್ತಾರೆ. ಗೋಲ್ಡ್‌ಫಿಶ್ ಕೆಸರು ಕೆದಕುವ ಮೀನು. ನೀರು ಕದಡುತ್ತದೆ, ಜಲಸಸ್ಯ ಕೀಳುತ್ತದೆ, ಬೇರೆ ಮೀನಿನ ಮೊಟ್ಟೆ ತಿನ್ನುತ್ತದೆ. ಅಮೆರಿಕದ ಮಿನ್ನೆಸೋಟದ ಬರ್ನ್ಸ್‌ವಿಲ್ ಊರಿನ ಕೆರೆಯಲ್ಲಿ 2021ರಲ್ಲಿ ಹೀಗೆ ಬಿಟ್ಟ ಮೀನುಗಳು ಫುಟ್‌ಬಾಲ್ ಗಾತ್ರಕ್ಕೆ ಬೆಳೆದು ಸಿಕ್ಕವು. ಊರಿನ ಆಡಳಿತವೇ ದಯವಿಟ್ಟು ಬಿಡಬೇಡಿ ಎಂದು ಜನರನ್ನು ಬೇಡಿಕೊಂಡಿತು. ನಮ್ಮ ಮುಗುಡು, ಮಡೆಂಜಿಗಳ ಪಾಲಿನ ನೀರಿಗೆ ನಿಮ್ಮ ಬೇಸರವನ್ನು ಸುರಿಯುವ ಹಕ್ಕು ಕೊಟ್ಟವರು ಯಾರು? ಇದು ಯಾವ ಪುಣ್ಯ?

ದಿಲ್ಲಿ ಕೇಳುವುದಿಲ್ಲ. ಗೊತ್ತು. ಹಾಗಂತ ಊರಿನ ಆಡಳಿತ ಕೈಕಟ್ಟಿ ಕೂರಬೇಕಾ? ಇಟಲಿಯ ರೋಮ್ ನಗರಾಡಳಿತ 2005ರಲ್ಲೇ ಬೌಲಿನಲ್ಲಿ ಗೋಲ್ಡ್‌ಫಿಶ್ ಇಡುವುದನ್ನು ನಿಷೇಧಿಸಿತು. ಜಾತ್ರೆಯಲ್ಲಿ ಮೀನನ್ನು ಬಹುಮಾನ ಕೊಡುವುದನ್ನೂ ನಿಲ್ಲಿಸಿತು. ಅದು ನಗರಸಭೆಯ ಕೆಲಸ, ಪ್ರಧಾನಿಯದ್ದಲ್ಲ. ಕಾಪು ಪುರಸಭೆಗೆ, ಇನ್ನಂಜೆ ಪಂಚಾಯತಿಗೆ ಅಂಗಡಿ ಪರವಾನಗಿಯ ಕಾಗದ ಕೈಯಲ್ಲೇ ಇದೆ. ಬೌಲು ಮಾರುವಂತಿಲ್ಲ. ಮದ್ದಿನ ಸೀಸೆಗೆ ಹೆಸರಿರಬೇಕು. ಮೀನು ಕೊಡುವಾಗ ಎಷ್ಟು ಲೀಟರ್ ಬೇಕೆಂದು ಬರೆದ ಚೀಟಿ ಕೊಡಬೇಕು. ಮದುವೆ ಹಾಲಿನ ಮೇಜಿನ ಮೇಲೆ ಶೃಂಗಾರಕ್ಕೆ ಜೀವಂತ ಮೀನು ಬೇಡ. ಇಷ್ಟನ್ನು ಷರತ್ತು ಮಾಡಿ ಸೇರಿಸಲು ಆಗುವುದಿಲ್ಲ ಎಂದರೆ, ಯಾಕೆ ಆಗುವುದಿಲ್ಲ ಎಂದು ಬರೆದು ಕೊಡಲಿ.

ಮುಂದಿನ ಗ್ರಾಮಸಭೆಗೆ ನಿಮ್ಮ ಟ್ಯಾಂಕಿನ ಒಂದು ಬಾಟಲಿ ನೀರು ಹಿಡಿದುಕೊಂಡು ಬನ್ನಿ. ಪರೀಕ್ಷೆಯ ಹನಿ ನಾನು ತರುತ್ತೇನೆ. ಅಂಗಡಿಯ ಬೌಲಿನ ನೀರೂ ಒಂದು ಬಾಟಲಿ ಬರಲಿ. ಅಧ್ಯಕ್ಷರ ಮೇಜಿನ ಮೇಲೆ ಎರಡನ್ನೂ ಇಟ್ಟು ಹನಿ ಹಾಕುವ. ಯಾವುದು ಎಷ್ಟು ಹಸಿರಾಯಿತು ಎಂದು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸುವ. ಬರೆಯುವುದಿಲ್ಲ ಎಂದು ಪಿಡಿಒ ಹೇಳಿದರೆ, ಬರೆಯುವ ತನಕ ಕೂರುವ.